ಒಣ ಹುದುಗು ಮತ್ತು ಶ್ರಾವಕನ ಮನೆ

ಮದ್ಯತ್ಯಾಗವು ಶ್ರಾವಕಧರ್ಮದ ಮೊದಲ ಮೆಟ್ಟಿಲು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದು ಹೇಳಿದರು. ಬೇರೆ ಆಚಾರ್ಯರು ಅಣುವ್ರತಗಳ ಸ್ಥಾನದಲ್ಲಿ ಪಂಚ ಉದುಂಬರ ಫಲಗಳ ತ್ಯಾಗವನ್ನು ಎಣಿಸಿದರು. ಎಣಿಕೆಯ ಕ್ರಮ ಬದಲಾದರೂ ಮದ್ಯದ ಹೆಸರು ಅಲ್ಲಿಯೇ ಉಳಿಯಿತು. ಆದ್ದರಿಂದ ಮದ್ಯವು ವರ್ಜ್ಯವೇ ಎಂಬ ಪ್ರಶ್ನೆ ನಮ್ಮಲ್ಲಿ ಏಳಬೇಕಾದ ಕಾರಣವಿಲ್ಲ. ಆದರೂ ಆ ಪ್ರಶ್ನೆ ಇಂದು ಬೇರೊಂದು ವೇಷ ತೊಟ್ಟು ಬಾಗಿಲಲ್ಲಿ ನಿಂತಿದೆ. ಅಂಗಡಿಯ ಮದ್ಯ ಬೇಡ, ಒಪ್ಪೋಣ. ಮನೆಯಲ್ಲಿಯೇ ಧಾನ್ಯ, ನೀರು ಮತ್ತು ಒಂದು ಪೊಟ್ಟಣ ಒಣ ಯೀಸ್ಟಿನಿಂದ ಕೈಯಾರೆ ಮಾಡಿಕೊಂಡ ಹಗುರವಾದ ಹಳ್ಳಿಯ ಬಿಯರಿಗೂ ಅದೇ ನಿಷೇಧವೇ ಎಂದು ಅದು ಕೇಳುತ್ತದೆ.

ವಿದೇಶಗಳಲ್ಲಿ ಇದು ಕಾನೂನುಬದ್ಧವಾದ ಹವ್ಯಾಸ. ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಶಾಸನವು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ, ಎಂದರೆ ಸುಮಾರು 757 ಲೀಟರ್‌ವರೆಗೆ, ತೆರಿಗೆಯಿಲ್ಲದೆ ತಯಾರಿಸಲು ಅವಕಾಶ ಕೊಟ್ಟಿತು. ನಮ್ಮ ರಾಜ್ಯದಲ್ಲಾದರೋ 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ರಾಜ್ಯದ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ವ್ರತವಾದರೋ ಸಮುದ್ರ ದಾಟಿದರೂ ಅದೇ ವ್ರತ. ಆದ್ದರಿಂದ ಈ ವಾದವನ್ನು ಕಾನೂನಿನ ಮರೆಯಲ್ಲಿ ನಿಲ್ಲದೆ ಧರ್ಮದ ಬೆಳಕಿನಲ್ಲಿಯೇ ಪರಿಶೀಲಿಸಬೇಕು.

ವಸ್ತುವನ್ನು ಅರಿಯದೆ ಖಂಡಿಸುವುದು ನಮ್ಮ ಪರಂಪರೆಯ ರೀತಿಯಲ್ಲ. ಈ ಪೇಯದ ವಿಧಾನ ಸರಳವಾಗಿದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. 20 ಲೀಟರ್ ಬಿಯರಿಗೆ ನಾಲ್ಕೈದು ಕಿಲೋ ಮಾಲ್ಟನ್ನು ತರಿಯಾಗಿ ಒಡೆದು, ಸುಮಾರು 66 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಯಿಡುತ್ತಾರೆ, ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿಹೂವನ್ನು ಸೇರಿಸಿ ಕುದಿಸಿ, ಆರಿಸುತ್ತಾರೆ. ಇಲ್ಲಿಯವರೆಗೆ ಮದ್ಯವಿಲ್ಲ. ಮೊಳಕೆಯ ಮಾತನ್ನು ಬಿಟ್ಟರೆ, ಇದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕೊಡುವ ರಾಗಿ ಮಾಲ್ಟಿಗಿಂತ ಬಹಳ ದೂರದ ವಸ್ತುವಲ್ಲ. ಆರಿದ ಆ ರಸಕ್ಕೆ 11 ಗ್ರಾಮಿನಷ್ಟು ಒಣ ಯೀಸ್ಟನ್ನು ಉದುರಿಸಿದ ಕ್ಷಣದಿಂದ ಎಲ್ಲವೂ ಬದಲಾಗುತ್ತದೆ. ಒಂದು ದಿನದೊಳಗೆ ನೊರೆ ಏಳುತ್ತದೆ. ಒಂದೆರಡು ವಾರಗಳಲ್ಲಿ ಸಕ್ಕರೆಯು ಮದ್ಯಸಾರವೂ ಅಂಗಾರಾಮ್ಲವೂ ಆಗಿ ಮಾರ್ಪಡುತ್ತದೆ.

ಮನೆಯ ಬಿಯರನ್ನು ಸಮರ್ಥಿಸುವವರ ಮೊದಲ ಮಾತು ಇದು: ಯೀಸ್ಟ್ ಒಣಪುಡಿ, ಉಪ್ಪಿನಂತೆ, ಸೋಡಾದಂತೆ ನಿರ್ಜೀವ. ಇದು ಸತ್ಯವಲ್ಲ. ಒಣಗಿದ ಯೀಸ್ಟ್ ಸತ್ತ ಯೀಸ್ಟ್ ಅಲ್ಲ. ಕೋಶದ ನೀರು ಬಹುಪಾಲು ಹೋದಾಗ ಟ್ರೆಹಲೋಸ್ ಎಂಬ ಸಕ್ಕರೆಯು ಅದರ ಪೊರೆಯನ್ನು ಕಾಯುತ್ತದೆ. ಜೀವಕ್ರಿಯೆ ಸ್ತಬ್ಧವಾಗಿ ನೀರಿಗಾಗಿ ಕಾದಿರುತ್ತದೆ. ತಯಾರಕರು ಗ್ರಾಮಿಗೆ 500 ಕೋಟಿಗೂ ಮಿಗಿಲಾದ ಸಜೀವ ಕೋಶಗಳನ್ನು ಲೆಕ್ಕ ಕೊಡುತ್ತಾರೆ. ಒಂದು ಪೊಟ್ಟಣದಲ್ಲಿ ಐದು ಸಾವಿರ ಕೋಟಿಗೂ ಹೆಚ್ಚು. ಪೊಟ್ಟಣದ ಮೇಲೆ ಕೊನೆಯ ದಿನಾಂಕವಿರುವುದು ಏಕೆ? ಬಿಸಿ ರಸಕ್ಕೆ ಹಾಕಬೇಡಿರಿ ಎಂಬ ಎಚ್ಚರಿಕೆ ಏಕೆ? ಅವು ಸಾಯುತ್ತವೆ ಎಂಬ ಕಾರಣಕ್ಕೆ. ನಿರ್ಜೀವವಾಗಿದ್ದರೆ ಅದನ್ನು ಹಾಕಿ ಫಲವೇನು? ತನ್ನ ಕೆಲಸಕ್ಕೆ ಬೇಕಾದಾಗ ಜೀವವೆಂದೂ, ತನ್ನ ವ್ರತಕ್ಕೆ ತೊಡಕಾದಾಗ ಪುಡಿಯೆಂದೂ ಒಂದೇ ವಸ್ತುವನ್ನು ಕರೆಯಲಾಗದು.

ಈ ವಿಚಾರದಲ್ಲಿ ಆ ನಾಡಿನ ರೈತರೇ ನಮಗೆ ಸಾಕ್ಷಿ. ಪಶ್ಚಿಮ ನಾರ್ವೆಯ ವೊಸ್ ಮೊದಲಾದ ಕಡೆಗಳಲ್ಲಿ ರೈತರು ಹುದುಗುತ್ತಿರುವ ಬಿಯರಿನಲ್ಲಿ ಕೆತ್ತನೆಯ ಮರದ ಉಂಗುರವನ್ನೋ ಬಟ್ಟೆಯನ್ನೋ ಅದ್ದಿ, ಒಣಗಿಸಿ, ಮುಂದಿನ ಸಲಕ್ಕೆಂದು ತೂಗುಹಾಕುತ್ತಿದ್ದರು. ತಿಂಗಳುಗಟ್ಟಲೆ ಒಣಗಿದ್ದ ಅದೇ ಹುದುಗು ಮತ್ತೆ ರಸದಲ್ಲಿ ಎಚ್ಚರಗೊಳ್ಳುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ಕ್ವೈಕ್. ಪ್ರಾಚೀನ ನಾರ್ಸ್ ಭಾಷೆಯಲ್ಲಿ 'ಜೀವಂತ' ಎಂಬರ್ಥದ ಶಬ್ದಕ್ಕೆ ಸೇರಿದ ಪದವಿದು. ನಮ್ಮ 'ಜೀವ' ಶಬ್ದವೂ ಆ ಶಬ್ದವೂ ಒಂದೇ ಮೂಲದಿಂದ ಹುಟ್ಟಿದವೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಮದ್ಯವನ್ನು ಹಬ್ಬಕ್ಕೆ ಅಗತ್ಯವೆಂದು ತಿಳಿದಿದ್ದ ಆ ರೈತರು ಕೂಡ ಅದನ್ನು ಪುಡಿಯೆನ್ನದೆ ಜೀವವೆಂದರು. ಅವರ ಹವೆ, ಅವರ ಬೇಸಾಯ, ಅವರ ಆಚಾರ ಬೇರೆ. ಅವರನ್ನು ನಿಂದಿಸುವುದು ನಮ್ಮ ಕೆಲಸವಲ್ಲ. ಆದರೆ ಅವರ ಸಂಪ್ರದಾಯವನ್ನು ಎರವಲು ತರುವವನು ಅವರ ಪ್ರಾಮಾಣಿಕತೆಯನ್ನೂ ತರಬೇಕಲ್ಲವೆ?

ಯೀಸ್ಟ್ ಸಜೀವವೆಂದು ಯೂರೋಪಿನ ವಿಜ್ಞಾನಿಗಳು 1837ರ ಹೊತ್ತಿಗೆ ಸೂಕ್ಷ್ಮದರ್ಶಕದಲ್ಲಿ ಕಂಡರು. ಹುದುಗುವಿಕೆಯು ಜೀವಕ್ರಿಯೆಯೆಂಬುದನ್ನು ಲೂಯಿ ಪಾಶ್ಚರ್ ಅನಂತರ ಪ್ರಯೋಗಗಳಿಂದ ತೋರಿಸಿದನು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಮದ್ಯವು ರಸದಲ್ಲಿ ಹುಟ್ಟುವ ಅನೇಕ ಜೀವಗಳ ಯೋನಿಯೆಂದೂ, ಅದನ್ನು ಸೇವಿಸುವವನಿಗೆ ಹಿಂಸೆ ತಪ್ಪದೆಂದೂ ಹೇಳಿದ್ದಾರೆ. ನಮ್ಮವರು ವಿಜ್ಞಾನವನ್ನು ಮೊದಲೇ ಹೇಳಿದರೆಂದು ಬೀಗುವುದು ಬೇಡ. ಯೀಸ್ಟ್ ಎಷ್ಟು ಇಂದ್ರಿಯಗಳ ಜೀವವೆಂಬುದನ್ನು ಪಂಡಿತರ ಚರ್ಚೆಗೆ ಬಿಡೋಣ. ಹುದುಗುವ ರಸವು ಜೀವರಾಶಿ ಎಂಬಷ್ಟರಲ್ಲಿ ಇಬ್ಬರಿಗೂ ಭೇದವಿಲ್ಲ.

ಎರಡನೆಯ ಮಾತು: ಇದರಲ್ಲಿ ಮದ್ಯಸಾರ ಅಲ್ಪ. ಶೇಕಡಾ 5ರಷ್ಟೆಂದು ಇಟ್ಟುಕೊಂಡರೂ 20 ಲೀಟರಿನ ಒಂದು ಪಾತ್ರೆಯಲ್ಲಿ ಒಂದು ಲೀಟರ್ ಶುದ್ಧ ಮದ್ಯಸಾರವಿರುತ್ತದೆ. ಮಾಂಸ, ಮಧುಗಳನ್ನು ತ್ರಸಜೀವಗಳ ಘಾತವನ್ನು ತಪ್ಪಿಸಲೆಂದು ಬಿಡಬೇಕೆಂದ ಸಮಂತಭದ್ರರು ಮದ್ಯವನ್ನು ಪ್ರಮಾದವನ್ನು ತಪ್ಪಿಸಲೆಂದು ಬಿಡಬೇಕೆಂದರು. ಪ್ರಮಾದವು ಅಳತೆಯ ಲೋಟದಲ್ಲಿ ನಿಲ್ಲುವುದಿಲ್ಲ. ಅಳತೆಯನ್ನು ನೆನಪಿಡುವ ಬುದ್ಧಿಯನ್ನೇ ಅದು ಮೊದಲು ಮಂಕಾಗಿಸುತ್ತದೆ. ಲೌಕಿಕ ದೃಷ್ಟಿಯಿಂದಲೂ, ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಮೂರನೆಯ ಮಾತು ಹೆಚ್ಚು ಗಂಭೀರವಾದುದು: ಹಾಗಾದರೆ ಇಡ್ಲಿ, ಮೊಸರು, ಬ್ರೆಡ್ಡುಗಳ ಗತಿಯೇನು? ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಬಾರದು. ಮೊಸರಿಗೂ ಹಿಟ್ಟಿಗೂ ಕಾಲಮರ್ಯಾದೆಯನ್ನು ವಿಧಿಸಿದವರು ಈ ಸೂಕ್ಷ್ಮವನ್ನು ಅರಿತೇ ವಿಧಿಸಿದರು. ರಾತ್ರಿ ಕಳೆದ ಹಿಟ್ಟನ್ನು ಬಿಟ್ಟ ಮನೆಗಳು ಇಂದೂ ಇವೆ. ಬಿಡದ ಮನೆಗಳು ಬಹಳ. ಆದರೆ ಒಂದು ಕಡೆಯ ಶೈಥಿಲ್ಯವು ಇನ್ನೊಂದಕ್ಕೆ ರಹದಾರಿಯಾಗಲಾರದು. ಇಡ್ಲಿಯ ಪ್ರಶ್ನೆಯನ್ನು ನಿಜವಾಗಿ ಕೇಳುವವನು ಇಡ್ಲಿಯನ್ನು ಬಿಡುವ ಕಡೆಗೆ ಹೋಗುತ್ತಾನೆ, ಬಿಯರನ್ನು ಹಿಡಿಯುವ ಕಡೆಗಲ್ಲ. ಅಲ್ಲದೆ ಇಡ್ಲಿಯ ಉದ್ದೇಶ ಹಸಿವಿನ ಪರಿಹಾರ. ಅದರಿಂದ ಯಾರಿಗೂ ಮದವೇರದು.

ಇಲ್ಲಿಯೇ ಮುಖ್ಯವಾದ ಅಂಶವಿದೆ. ಗೃಹಸ್ಥನ ಹಿಂಸೆಯನ್ನು ನಮ್ಮವರು ನಾಲ್ಕಾಗಿ ವಿಂಗಡಿಸಿದ್ದಾರೆ: ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ. ಅಡುಗೆಯಲ್ಲಿ ಆಗುವುದು ಆರಂಭಿ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗಿ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧಿ. ಇವು ಮೂರನ್ನೂ ಗೃಹಸ್ಥನು ಪೂರ್ತಿಯಾಗಿ ತಪ್ಪಿಸಲಾರ. ಮನೆಯ ಬಿಯರು ಹಸಿವಿಗಲ್ಲ, ಜೀವನೋಪಾಯಕ್ಕಲ್ಲ, ರಕ್ಷಣೆಗಂತೂ ಅಲ್ಲ, ಕೇವಲ ಹವ್ಯಾಸ. ಕೊಲ್ಲುವ ಸಂಕಲ್ಪ ನಮಗಿಲ್ಲವೆಂದು ಅವರು ಹೇಳಿದರೆ ನಂಬೋಣ. ಆಗಲೂ ಉಳಿಯುವುದು ಅನರ್ಥದಂಡ. ಕಾರಣವಿಲ್ಲದೆ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ತಡೆದ ಧರ್ಮವು, ಕೋಟಿಗಟ್ಟಲೆ ಜೀವಗಳನ್ನು ಎಬ್ಬಿಸಿ, ಬೆಳೆಸಿ, ಕೊನೆಗೆ ಪಾತ್ರೆಯ ತಳದ ಕೆಸರೆಂದು ಬಚ್ಚಲಿಗೆ ಸುರಿಯುವ ವಿನೋದವನ್ನು ಒಪ್ಪೀತೆ?

ಕೊಂಡು ಕುಡಿಯುವವನು ತಯಾರಿಕೆಯನ್ನು ಕಂಡಿಲ್ಲವೆಂದಾದರೂ ಹೇಳಬಹುದು. ಮನೆಯಲ್ಲಿ ತಯಾರಿಸುವವನಿಗೆ ಆ ನೆಪವಿಲ್ಲ. ಕೃತ, ಕಾರಿತ, ಅನುಮೋದನಗಳಲ್ಲಿ ಅವನದು ಕೃತ. ಉಷ್ಣಮಾಪಕವನ್ನು ಹಿಡಿದು, ಯಾವ ಬಿಸಿಯಲ್ಲಿ ಆ ಜೀವಗಳು ಬದುಕುವುವು, ಯಾವ ಬಿಸಿಯಲ್ಲಿ ಸಾಯುವುವು ಎಂದು ಅರಿತೇ ಅವನು ಕೆಲಸ ಮಾಡುತ್ತಾನೆ. ಸ್ವಹಸ್ತದ ಶುದ್ಧಿಯೆಂದು ಅವನು ಹೊಗಳುವುದೇ ಅವನ ಹೊಣೆಯನ್ನು ಹೆಚ್ಚಿಸುತ್ತದೆ.

ಕೊನೆಯದಾಗಿ ಬಸದಿಗಳ ಟ್ರಸ್ಟುಗಳಲ್ಲಿ ಒಂದು ವಿನಂತಿ. ಪ್ರಶ್ನಿಸುವ ಯುವಕರನ್ನು ಗದರಿಸಿ ದೂರವಿಡಬೇಡಿರಿ. ಪಾಠಶಾಲೆಯಲ್ಲಿ "ಕುಡಿಯಬಾರದು" ಎಂದಷ್ಟೇ ಹೇಳಿ ನಿಲ್ಲಿಸದೆ, ಏಕೆಂಬುದನ್ನು ಮೇಲಿನ ಲೆಕ್ಕಗಳೊಡನೆ ತಿಳಿಸಿರಿ. ಆ ಪಾಠ ಅವರ ಮನಸ್ಸಿಗೆ ಮುಟ್ಟಬೇಕಾದರೆ ಹಿರಿಯರ ನಡೆ ನೆಟ್ಟಗಿರಬೇಕು. ಟ್ರಸ್ಟಿನ ಕಲ್ಯಾಣ ಮಂಟಪದ ಬಾಡಿಗೆ ಕರಾರಿನಲ್ಲಿ ಮದ್ಯನಿಷೇಧ ಸ್ಪಷ್ಟವಾಗಿದೆಯೆ? ಟ್ರಸ್ಟಿನ ಮಳಿಗೆಗಳಲ್ಲಿ ಮದ್ಯದ ವ್ಯಾಪಾರಕ್ಕೆ ಎಡೆಯಿಲ್ಲವೆಂದು ಬರೆದಿಟ್ಟಿದ್ದೀರಾ? ಬಾಡಿಗೆಯ ಆಸೆಗೆ ಅನುಮೋದನ ಕೊಟ್ಟ ಸಮಾಜವು, ಅಡುಗೆಮನೆಯ ಮೂಲೆಯಲ್ಲಿ ಬಿಯರಿನ ಪಾತ್ರೆಯಿಟ್ಟ ಮಗನಿಗೆ ಯಾವ ಬಾಯಿಂದ ಉಪದೇಶಿಸೀತು? ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಎರಡು ಪ್ರಶ್ನೆಗಳಿಗೆ ಸ್ಥಳ ಕೊಟ್ಟು, ಉತ್ತರವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಬೇಕೆಂದು ಪ್ರಾರ್ಥನೆ.