ಕೊಳ್ಳೋ ಮೊದಲು – 9: ದೊಡ್ಡ ರಿವಾಲ್ವರ್, ಯಾರ ಕೈಗೆ?

(1/3)

ಇಷ್ಟು ದಿನ ಈ ಸರಣಿಯಲ್ಲಿ ಲ್ಯಾಪ್‌ಟಾಪ್, ಸೆಕೆಂಡ್ ಹ್ಯಾಂಡ್ ಸ್ಕೂಟಿ, ಮಿಕ್ಸಿ ಬಗ್ಗೆ ಬರೆದಿದ್ದೆ. ಇವತ್ತಿನದು ನಮ್ಮಲ್ಲಿ ಹೆಚ್ಚಿನವರು ಯಾವತ್ತೂ ಕೊಳ್ಳದ ವಸ್ತು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ರಿವಾಲ್ವರ್ ಇಟ್ಕೊಳ್ಳೋ ಹಾಗೇ ಇಲ್ಲ. ಆದರೆ ನಮ್ಮ ದೊಡ್ಡಪ್ಪನ ಮಗ ಇರೋದು ಅಲಾಸ್ಕಾದ ಆಂಕರೇಜ್ ಹತ್ರ. ಗ್ರೀನ್ ಕಾರ್ಡ್ ಇದೆ. ಅಲ್ಲಿ ಅದು ಅಂಗಡಿಯಲ್ಲಿ ಸಿಗೋ ಸಾಮಾನು.

ಬೇಸಿಗೆ ಬಂದ್ರೆ ಅಣ್ಣ ಸಾಲ್ಮನ್ ಮೀನು ಹಿಡಿಯೋಕೆ ಹೊಳೆಗೆ ಇಳೀತಾನೆ. ಅತ್ತಿಗೆ ದಡದ ಪೊದೆಗಳಲ್ಲಿ ಬೆರ್ರಿ ಹಣ್ಣು ಬಿಡಿಸ್ತಾರೆ. ಅದೇ ಮೀನಿಗೆ, ಅದೇ ಹಣ್ಣಿಗೆ ಕಂದು ಕರಡಿನೂ ಬರುತ್ತೆ. ನಮಗೆ ಕರಡಿ ಅಂದ್ರೆ ದರೋಜಿ ಕರಡಿಧಾಮದ್ದು, ನೂರು ಕೆಜಿ ಆಸುಪಾಸು. ಅಲಾಸ್ಕಾ ಕರಾವಳಿಯ ದೊಡ್ಡ ಗಂಡು ಕರಡಿ 400 ಕೆಜಿ ದಾಟುತ್ತೆ. ಓಡೋಕೆ ಶುರು ಮಾಡಿದ್ರೆ ಗಂಟೆಗೆ 50 ಕಿಲೋಮೀಟರ್ ವೇಗ. ಅಂದ್ರೆ 30 ಮೀಟರ್ ದೂರದಲ್ಲಿ ಕಂಡ ಕರಡಿ ಮೈಮೇಲೆ ಬರೋಕೆ ಎರಡೇ ಸೆಕೆಂಡು.

ಹಾಗಾಗಿ ಅಣ್ಣ ಒಂದು ರಿವಾಲ್ವರ್ ತಗೋಬೇಕು ಅಂತಿದ್ದಾನೆ. ನನಗೆ ಫೋಟೋ ಕಳಿಸಿ, "ತಗೊಂಡ್ರೆ ಎಲ್ಲಕ್ಕಿಂತ ದೊಡ್ಡದೇ ತಗೋಬೇಕು ಕಣೇ. ಜೀವದ ವಿಷಯದಲ್ಲಿ ಜುಗ್ಗತನ ಯಾಕೆ?" ಅಂದ. ಫೋಟೋದಲ್ಲಿ ಇದ್ದದ್ದು .500 ಮ್ಯಾಗ್ನಮ್.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಅದು ತಪ್ಪು ಆಯ್ಕೆ. ಯಾಕೆ ಅಂತ ಮುಂದೆ ಓದಿ.

(2/3)

ಮೊದಲು ಶಕ್ತಿಯ ಲೆಕ್ಕ. 1935ರಲ್ಲಿ ಬಂದ .357 ಮ್ಯಾಗ್ನಮ್ ಗುಂಡಿಗೆ ಸುಮಾರು 750 ಜೂಲ್ ಶಕ್ತಿ. 1950ರ ದಶಕದ ಮಧ್ಯದಲ್ಲಿ ಬಂದ .44 ಮ್ಯಾಗ್ನಮ್‌ಗೆ ಸುಮಾರು 1,300. 1971ರ 'ಡರ್ಟಿ ಹ್ಯಾರಿ' ಸಿನಿಮಾದಲ್ಲಿ ಹೀರೋ ಹಿಡಿದು ಫೇಮಸ್ ಮಾಡಿದ್ದು ಇದನ್ನೇ. 2003ರಲ್ಲಿ ಬಂದ .500 ಮ್ಯಾಗ್ನಮ್ 3,500 ಜೂಲ್‌ವರೆಗೂ ಹೋಗುತ್ತೆ. ಪೇಪರ್ ಮೇಲೆ ನೋಡಿದ್ರೆ ಅಣ್ಣ ಹೇಳಿದ್ದೇ ಸರಿ.

ಆದರೆ ಖರ್ಚಿನ ಕಾಲಮ್ ಕೂಡ ನೋಡ್ಬೇಕಲ್ಲ? ಇಲ್ಲಿ ಖರ್ಚು ಅಂದ್ರೆ ಒದೆತ, ರಿಕಾಯಿಲ್. ಹೈಸ್ಕೂಲಲ್ಲಿ ಓದಿದ ನ್ಯೂಟನ್ ನಿಯಮ ಅಷ್ಟೇ: ಗುಂಡು ಎಷ್ಟು ಜೋರಾಗಿ ಮುಂದೆ ಹೋಗುತ್ತೋ ಗನ್ನು ಅಷ್ಟೇ ಜೋರಾಗಿ ಹಿಂದಕ್ಕೆ ಬರುತ್ತೆ. ನಾನೇ ಕೂತು ರಫ್ ಆಗಿ ಲೆಕ್ಕ ಹಾಕಿದೆ. 1.2 ಕೆಜಿ ತೂಕದ .44 ಕೈಗೆ ಒದೆಯೋದು ಸುಮಾರು 25 ಜೂಲ್. 2 ಕೆಜಿ ತೂಗೋ .500 ಒದೆಯೋದು 60ಕ್ಕೂ ಮೇಲೆ. ಗನ್ನು ಅಷ್ಟು ಭಾರ ಇದ್ದೂ ಎರಡೂವರೆ ಪಟ್ಟು.

"ಹಾಗಾದ್ರೆ ಹಗುರವಾದ .44 ತಗೋತೀನಿ, ಸೊಂಟಕ್ಕೂ ಭಾರ ಆಗಲ್ಲ" ಅಂದ ಅಣ್ಣ. ಅಲ್ಲೂ ಮೋಸ ಇದೆ. ಕಾಡತೂಸು ಅದೇ ಇದ್ದು ಗನ್ನಿನ ತೂಕ ಅರ್ಧ ಆದ್ರೆ ಒದೆತದ ಶಕ್ತಿ ಡಬಲ್ ಆಗುತ್ತೆ. 700 ಗ್ರಾಂನ ಟೈಟಾನಿಯಂ ರಿವಾಲ್ವರ್‌ಗಳೂ ಇವೆ. ಹೊತ್ಕೊಂಡು ತಿರುಗೋಕೆ ಸುಖ, ಹೊಡೆಯೋವಾಗ ಯಮಯಾತನೆ. ದಿನವಿಡೀ ಹೊರೋದನ್ನ ಹಗುರ ಮಾಡಿದ್ರೆ, ಆ ಎರಡು ಸೆಕೆಂಡಲ್ಲಿ ಅಂಗೈ ಅದರ ಬೆಲೆ ಕೊಡುತ್ತೆ.

ಇನ್ನೊಂದು ವಿಷಯ. ಕರಡಿಗೆ ದಪ್ಪ ಮಾಂಸಖಂಡ, ಗಟ್ಟಿ ತಲೆಬುರುಡೆ. ಅಲ್ಲಿ ಕೆಲಸಕ್ಕೆ ಬರೋದು ಆಳಕ್ಕೆ ಇಳಿಯೋ ಗುಂಡು. ಅದಕ್ಕೇ ಅಲ್ಲಿಯ ಜನ ಹಿಗ್ಗಿ ಅಗಲವಾಗೋ ಗುಂಡು ಬಿಟ್ಟು, ಗಟ್ಟಿ ಸೀಸದ ಭಾರದ ಗುಂಡು ತುಂಬ್ತಾರೆ. ಅಂಥ ಗುಂಡು ಹಾಕಿದ .44 ಈ ಕೆಲಸಕ್ಕೆ ಸಾಕು. ಸಾಕಾದ ಮೇಲೆ ಸೇರಿಸೋ ಪ್ರತಿ ಜೂಲ್‌ನಿಂದ ಲಾಭ ಕಡಿಮೆ, ಒದೆತ ಮಾತ್ರ ಜಾಸ್ತಿ. ಎಕನಾಮಿಕ್ಸ್ ಓದಿದವರಿಗೆ ಈ ಗ್ರಾಫ್ ಗೊತ್ತು.

(3/3)

ಈಗ ಅಸಲಿ ವಿಷಯಕ್ಕೆ ಬರ್ತೀನಿ.

ಹೋದ ತಿಂಗಳು ಇಬ್ರೂ ಶೂಟಿಂಗ್ ರೇಂಜ್‌ಗೆ ಹೋಗಿ, ಬಾಡಿಗೆಗೆ ಸಿಗೋ .500 ಹೊಡೆದು ನೋಡಿದ್ರು. ಅಲ್ಲಿಯ ತರಬೇತುದಾರ ಮೊದಲ ಸಲಕ್ಕೆ ಒಂದೇ ಕಾಡತೂಸು ತುಂಬಿ ಕೊಟ್ಟರಂತೆ. ಹೊಸಬರ ಹಿಡಿತ ಒದೆತಕ್ಕೆ ಜಾರಿದ್ರೆ, ಬೆರಳು ತಾನಾಗೇ ಟ್ರಿಗರ್ ಇನ್ನೊಮ್ಮೆ ಒತ್ತಿಬಿಡಬಹುದು. ಅಷ್ಟೊತ್ತಿಗೆ ನಳಿಕೆ ಮೇಲಕ್ಕೋ, ಹೊಡೆಯೋರ ತಲೆ ಕಡೆಗೋ ತಿರುಗಿರುತ್ತೆ. ಆಮೇಲೆ ಅಣ್ಣ ಐದು ಹೊಡೆದ. ಮೊದಲನೇದು ಗುರಿಗೆ ಬಿತ್ತು, ಉಳಿದದ್ದು ಎಲ್ಲೆಲ್ಲೋ. ಅತ್ತಿಗೆ ಒಂದೇ ಹೊಡೆದು ಮೇಜಿನ ಮೇಲಿಟ್ಟು, "ರೀ, ಇದು ನಿಮ್ಮ ಗನ್ನು, ನನ್ನದಲ್ಲ" ಅಂದ್ರಂತೆ.

ವಿಡಿಯೋ ಕಾಲ್‌ನಲ್ಲಿ ಅಣ್ಣ ಇದನ್ನ ಜೋಕ್ ಥರ ಹೇಳ್ದ. ನನಗೆ ನಗು ಬರ್ಲಿಲ್ಲ. ದುಡ್ಡಿರೋದು ಒಂದೇ ಗನ್ನಿಗೆ. ಅವನು ತೊಡೆಮಟ್ಟ ನೀರಲ್ಲಿ ಗಾಳ ಹಿಡ್ಕೊಂಡು ನಿಂತಿರ್ತಾನೆ. ಏನೂ ಕಾಣದ ಪೊದೆ ಒಳಗೆ ಬಗ್ಗಿ ಹಣ್ಣು ಬಿಡಿಸೋದು ಅತ್ತಿಗೆ. ಕರಡಿ ಮೊದಲು ಎದುರಾಗೋದು ಯಾರಿಗೆ? ಹಾಗಾದ್ರೆ ಗನ್ನು ಯಾರ ಕೈ ಅಳತೆಗೆ ಇರಬೇಕು? ಮನೆಗೆ ಅಂತ ಏನಾದ್ರೂ ಕೊಳ್ಳೋವಾಗ ಗಂಡಸರ ಕೈ ಅಳತೆಯನ್ನೇ ಎಲ್ಲರ ಅಳತೆ ಅಂದ್ಕೊಳ್ಳೋದು ನಮ್ಮಲ್ಲಿ ಮಾಮೂಲಿ. ಇಲ್ಲಿ ಅದು ಜೀವಕ್ಕೆ ಬರೋ ವಿಷಯ.

ಒಂದು ಮಾತು ಒಪ್ಕೋತೀನಿ. ವರ್ಷಗಟ್ಟಲೆ ಅಭ್ಯಾಸ ಮಾಡಿ, ರಿವಾಲ್ವರ್‌ನಲ್ಲೇ ಬೇಟೆಗೆ ಹೋಗೋರ ಕೈಯಲ್ಲಿ .500ಗೆ ಅರ್ಥ ಇದೆ. ಅವರ ಅಗತ್ಯ ಬೇರೆ. ತಿಂಗಳಿಗೊಮ್ಮೆ ರೇಂಜ್‌ಗೆ ಹೋಗೋರಿಗೆ ನನ್ನ ಅಳತೆಗೋಲು ಒಂದೇ: ಮೊದಲ ಗುಂಡು ಹೊಡೆದ ಮೇಲೆ ಎರಡನೇದು ಎಷ್ಟು ಬೇಗ ಗುರಿಗೆ ಬೀಳುತ್ತೆ? ಹೆದರಿ ಕಣ್ಣು ಮುಚ್ಚೋರ 3,500 ಜೂಲ್ ಹೋಗಿ ಮರಕ್ಕೆ ಬೀಳುತ್ತೆ.

ನಾನು ಅಣ್ಣಂಗೆ ಹೇಳಿದ್ದು ಇಷ್ಟು. ಸ್ಟೀಲ್ ಬಾಡಿ, ನಾಲ್ಕಿಂಚು ನಳಿಕೆಯ .44 ತಗೋ. ಅದರಲ್ಲಿ ಮೆತ್ತಗಿರೋ .44 ಸ್ಪೆಷಲ್ ಕಾಡತೂಸೂ ಹಾಕಬಹುದು, ಅತ್ತಿಗೆ ಅದರಲ್ಲೇ ಅಭ್ಯಾಸ ಶುರು ಮಾಡ್ಲಿ. ಅವರಿಗೆ ಅದೂ ಹೆಚ್ಚು ಅನ್ಸಿದ್ರೆ .357ಕ್ಕೆ ಇಳಿಯೋದ್ರಲ್ಲಿ ನಾಚಿಕೆ ಏನಿಲ್ಲ. ಅದಕ್ಕೂ ಮೊದಲು ಇಬ್ಬರಿಗೂ ಒಂದೊಂದು ಕರಡಿ ಸ್ಪ್ರೇ ತಗೋ. ಅದು ಖಾರದ ಸ್ಪ್ರೇ, ಒದೆತ ಇಲ್ಲ. ಅಲಾಸ್ಕಾದ ಘಟನೆಗಳನ್ನೇ ಕೂಡಿಸಿ 2008ರಲ್ಲಿ ಬಂದ ಅಧ್ಯಯನದ ಪ್ರಕಾರ, ಸ್ಪ್ರೇ ಬಳಸಿದಾಗ ಕಂದು ಕರಡಿಗಳು ಹಿಂದೆ ಸರಿದದ್ದು 92% ಸಲ.

ಅಣ್ಣ "ನೋಡೋಣ" ಅಂದಿದ್ದಾನೆ. ಅತ್ತಿಗೆ ಮಾತ್ರ ಅವತ್ತೇ ಎರಡು ಸ್ಪ್ರೇ ಆರ್ಡರ್ ಮಾಡಿ ಫೋಟೋ ಕಳಿಸಿದ್ರು. ಕೊನೆಯ ಸ್ಲೈಡ್‌ನಲ್ಲಿ ಇದೆ, ನೋಡಿ.

ನಿಮ್ಮ ಮನೇಲೂ ಒಬ್ಬರ ಕೈ ಅಳತೆ ನೋಡಿ ತಂದು, ಇನ್ನೊಬ್ಬರು ಒದ್ದಾಡ್ತಿರೋ ವಸ್ತು ಇದೆಯಾ? ಕಾಮೆಂಟ್‌ನಲ್ಲಿ ಹೇಳಿ. ಮುಂದಿನ ವಾರ: ಇಎಂಐನಲ್ಲಿ ಫ್ರಿಡ್ಜ್.

#ಕೊಳ್ಳೋಮೊದಲು #ಕನ್ನಡದಲ್ಲಿಬರೆಯೋಣ #ಅಲಾಸ್ಕಾ