ಅಂಗಳದ ಮಣ್ಣಿಗೆ ಮುಚ್ಚಳ ಬೇಡ

ಧಾರವಾಡವನ್ನು ಹೊರಗಿನವರು ಪೇಢೆಯಿಂದ, ಸಂಗೀತದಿಂದ, ಬೇಂದ್ರೆಯವರಿಂದ ಗುರುತಿಸುತ್ತಾರೆ. ಅದು ಸರಿಯೇ. ಆದರೆ ಈ ಊರಿನಲ್ಲೇ ಬಾಳಿದ ನಮ್ಮಂಥವರಿಗೆ ಮೊದಲು ಕಣ್ಣಮುಂದೆ ಬರುವುದು ಏರುತ್ತ ಇಳಿಯುವ ಬೀದಿಗಳು, ಅವುಗಳ ಬದಿಯ ಕಲ್ಲಿನ ಮನೆಗಳು, ಮನೆಗಿಂತ ದೊಡ್ಡದಾದ ಅಂಗಳ-ಹಿತ್ತಲುಗಳು. ರೈಲು ನಿಲ್ದಾಣದ ಸಮೀಪದ ಮಾಳಮಡ್ಡಿ, ಬೇಂದ್ರೆಯವರ ಮನೆಯಿರುವ ಸಾಧನಕೇರಿ, ಸಪ್ತಾಪುರದ ಹಳೆಯ ಓಣಿಗಳು, ಎಲ್ಲಿ ನಡೆದರೂ ಕಂಪೌಂಡಿನಾಚೆಗೆ ಒಂದು ಮಾವು, ಒಂದು ಸಂಪಿಗೆ, ಒಂದು ಪಾರಿಜಾತ ಇಣುಕುತ್ತಿದ್ದವು. 'ಮಡ್ಡಿ' ಎಂದರೆ ನಮ್ಮ ಕಡೆ ಎತ್ತರದ, ಗಟ್ಟಿಯಾದ, ಕಲ್ಲು ಬೆರೆತ ನೆಲ. ಅಂಥ ನೆಲದಲ್ಲಿ ಹಿರಿಯರು ತೋಟ ಎಬ್ಬಿಸಿದರೆಂಬುದೇ ಒಂದು ಸೋಜಿಗ. ಆ ತೋಟಗಳನ್ನು ಉಳಿಸಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ.

ಬೆಳಗಿನ ತಿರುಗಾಟದಲ್ಲಿ ನಾನು ಕೆಲವು ವರ್ಷಗಳಿಂದ ಕಾಣುತ್ತ ಬಂದದ್ದು ಇದು. ಹಿರಿಯರು ತೀರಿಕೊಳ್ಳುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಅಮೆರಿಕೆಯಲ್ಲೋ ಇರುತ್ತಾರೆ. ಮನೆಗೆ ಬೀಗ ಬೀಳುತ್ತದೆ, ಇಲ್ಲವೆ ಕೈ ಬದಲಾಗುತ್ತದೆ. ಮನೆಯನ್ನು ಕೆಡವದೆ ಉಳಿಸಿಕೊಂಡವರೂ ಮೊದಲು ಮಾಡುವ ಕೆಲಸವೆಂದರೆ ಅಂಗಳವನ್ನು ಸಪಾಟು ಮಾಡಿಸಿ, ಕಂಪೌಂಡಿನ ಈ ತುದಿಯಿಂದ ಆ ತುದಿಯವರೆಗೆ ಸಿಮೆಂಟು ಹಾಕಿ, ಮೇಲೆ ಫರಸಿಯನ್ನೋ ಟೈಲ್ಸನ್ನೋ ಕೂಡಿಸುವುದು. ಮಾವಿನ ಬುಡದ ಸುತ್ತ ಒಂದು ಮೊಳ ಜಾಗ ಬಿಟ್ಟು ಚೌಕಾಕಾರದ ಕಟ್ಟೆ ಕಟ್ಟಿಸಿ, 'ಗಿಡಕ್ಕೆ ಏನೂ ಮಾಡಿಲ್ಲ' ಎಂದು ಸಮಾಧಾನ ಪಡುತ್ತಾರೆ. ಬಾಗಿಲ ಎರಡೂ ಬದಿಗೆ ಎರಡು ಕುಂಡಗಳು ಬಂದು ನಿಲ್ಲುತ್ತವೆ. ಕೆಲವು ವರ್ಷಗಳಲ್ಲಿ ಆ ಮಾವು ತುದಿಯಿಂದ ಒಣಗುತ್ತ ಬರುತ್ತದೆ. ಆಗ 'ವಯಸ್ಸಾಗಿತ್ತು' ಎನ್ನುತ್ತಾರೆ.

ವಯಸ್ಸಿಗಿಂತ ಮೊದಲು ಅದಕ್ಕೆ ಉಸಿರು ಕಟ್ಟಿರುತ್ತದೆ. ಮರದ ಬೇರು ಎಂದೊಡನೆ ನಮಗೆ ಪಾತಾಳಕ್ಕಿಳಿದ ತಾಯಿಬೇರಿನ ಚಿತ್ರ ಬರುತ್ತದೆ. ಆದರೆ ನೀರನ್ನೂ ಸಾರವನ್ನೂ ಹೀರುವ ನವಿರಾದ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ, ಕೊಂಬೆಗಳ ನೆರಳು ಬೀಳುವಷ್ಟು ಅಗಲಕ್ಕೂ ಅದರಾಚೆಗೂ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ನಮ್ಮ ಓಣಿಯ ನಾಲ್ಕೈದು ಮನೆಗಳ ಗಿಡ ನೋಡಿಕೊಳ್ಳುವ ಹಿರಿಯ ಮಾಲಿಯೊಬ್ಬ ಇದನ್ನು ಒಂದೇ ಮಾತಿನಲ್ಲಿ ಹೇಳಿದ: "ಗಿಡದ ಬಾಯಿ ನೆಲದಾಗ ಇರ್ತೈತ್ರಿ ಮಾಸ್ತರ, ಅದನ್ನ ಮುಚ್ಚಬಾರದ್ರಿ."

ಇನ್ನು ನೀರಿನ ಲೆಕ್ಕ. ಧಾರವಾಡದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಐದು ಗುಂಟೆಯ ನಿವೇಶನವೆಂದರೆ ಸುಮಾರು 500 ಚದರ ಮೀಟರ್. ಅಂದರೆ ಒಂದು ಮನೆಯ ಆವರಣದೊಳಗೆ ವರ್ಷಕ್ಕೆ 4 ಲಕ್ಷ ಲೀಟರ್ ನೀರು, 5,000 ಲೀಟರಿನ 80 ಟ್ಯಾಂಕರುಗಳಷ್ಟು, ಆಕಾಶದಿಂದ ಬಿಟ್ಟಿಯಾಗಿ ಬೀಳುತ್ತದೆ. ಎಲ್ಲವೂ ಇಂಗುವುದಿಲ್ಲ ನಿಜ. ಆದರೆ ಮಣ್ಣು ತೆರೆದಿದ್ದರೆ ಒಂದು ಪಾಲು ಇಂಗಿ ಬೇರಿಗೂ ಬಾವಿಗೂ ಇಳಿಯುತ್ತದೆ. ಮುಚ್ಚಿದ್ದರೆ ಅಷ್ಟೂ ಗೇಟಿನಡಿಯಿಂದ ಹೊರಬಿದ್ದು ಇಳಿಜಾರಿನಲ್ಲಿ ಓಡಿ ಕೆಳಗಿನವರ ಬಾಗಿಲಿಗೆ ಹೋಗುತ್ತದೆ. ಏರಿನಲ್ಲಿರುವ ಮನೆಯವನ ಅಂಗಳ ಅವನೊಬ್ಬನ ಸ್ವಂತ ವಿಷಯವಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದ ಉದ್ದಗಲಕ್ಕೂ ಸುರಿದ ಮಳೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಊರಿನಲ್ಲಿ ಬೇಸಿಗೆ ಬಂದರೆ ನಳದ ನೀರಿಗಾಗಿ ಕಾಯುತ್ತೇವೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಉಳಿದೆಡೆ ಹಲವು ದಿನಗಳಿಗೊಮ್ಮೆ ನೀರು ಬರುವುದೇ ವಾಡಿಕೆಯಾಗಿ ಹೋಯಿತು. ಮಳೆಗಾಲದಲ್ಲಿ ಬಂದ ನೀರನ್ನು ಬೀದಿಗೆ ಬಿಟ್ಟು, ಬೇಸಿಗೆಯಲ್ಲಿ ಪಾಲಿಕೆಯನ್ನು ಬೈಯುತ್ತ ಕೊಡ ಹಿಡಿದು ನಿಲ್ಲುವುದು ಬುದ್ಧಿವಂತಿಕೆಯ ಲಕ್ಷಣವಲ್ಲ.

ನಮ್ಮ ಹಿರಿಯರು ಇಳಿಜಾರನ್ನು ಸಪಾಟು ಮಾಡಲು ಹೋಗಲಿಲ್ಲ. ಅಂಗಳವನ್ನು ಎರಡು ಮೂರು ಹಂತಗಳಾಗಿ ಒಡೆದು, ಹಂತಹಂತಕ್ಕೂ ಕಲ್ಲಿನ ತಡೆಗೋಡೆ ಕಟ್ಟಿ, ನಡುವೆ ಪಾವಟಿಗೆ ಇಟ್ಟರು. ಮೇಲಿನ ಹಂತದ ನೀರು ಕೆಳಗಿನದಕ್ಕೆ ನಿಧಾನವಾಗಿ ಇಳಿಯಲೆಂದು ಗೋಡೆಯ ಬುಡದಲ್ಲಿ ಕಂಡಿಗಳನ್ನು ಬಿಟ್ಟರು. ಈ ಕಂಡಿಗಳಲ್ಲಿ ಕಸ ತುಂಬಿದ್ದರೆ ಮಳೆಗಾಲಕ್ಕೆ ಮುನ್ನ ಒಂದು ಕಬ್ಬಿಣದ ಸಲಾಕೆಯಿಂದ ತೆಗೆಯಬೇಕು. 'ಹಾವು ಬರುತ್ತದೆ, ಗೋಡೆ ಚೆಂದ ಕಾಣುವುದಿಲ್ಲ' ಎಂದು ಅವುಗಳನ್ನು ಸಿಮೆಂಟಿನಿಂದ ಮೆತ್ತಿಬಿಟ್ಟರೆ, ಹಿಂದೆ ನಿಂತ ನೀರಿನ ಒತ್ತಡಕ್ಕೆ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಒಂದು ದಿನ ಮಲಗಿಬಿಡುತ್ತದೆ.

ಕಲ್ಲಿನ ಮನೆಗೂ ತೋಟಕ್ಕೂ ಇರುವ ಸಂಬಂಧ ಇನ್ನೂ ಸೂಕ್ಷ್ಮವಾದದ್ದು. ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಗೋಡೆಗೆ ತಾಗಿಸಿ ಹೂವಿನ ಮಡಿ ಮಾಡಿ ದಿನವೂ ನೀರುಣಿಸಿದರೆ ಆ ತೇವ ಒಳಕೋಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಗೋಡೆಗೂ ಮಡಿಗೂ ನಡುವೆ ಎರಡು ಮೂರು ಅಡಿಯ ಅಂತರವಿರಬೇಕು. ಕಲ್ಲಿನ ಸಂದಿಯಲ್ಲಿ ಹಕ್ಕಿ ಬಿತ್ತಿದ ಅರಳಿ, ಆಲದ ಸಸಿಗಳನ್ನು ಎರಡೆಲೆ ಇದ್ದಾಗಲೇ ಬೇರುಸಹಿತ ಕೀಳಬೇಕು. 'ದೇವರ ಗಿಡ' ಎಂದು ಎರಡು ವರ್ಷ ಬಿಟ್ಟರೆ ಕಲ್ಲನ್ನೇ ಸರಿಸುತ್ತದೆ. ಸಂದಿ ಬಿಟ್ಟಲ್ಲಿ ಸಿಮೆಂಟು ತುಂಬದೆ ಸುಣ್ಣದ ಗಾರೆಯನ್ನೇ ತುಂಬಿಸುವುದು ಲೇಸು.

ಹೊಸದಾಗಿ ಮನೆ ಕೈಗೆ ಬಂದವರಿಗೆ ನನ್ನ ಮುಖ್ಯವಾದ ವಿನಂತಿಯೆಂದರೆ, ಒಂದು ಪೂರ್ತಿ ವರ್ಷ ಏನನ್ನೂ ಕಡಿಯಬೇಡಿ. ಹಳೆಯ ತೋಟವೆಂಬುದು ಒಂದು ತರಗತಿಯಿದ್ದಂತೆ. ಜೂನ್ ತಿಂಗಳಲ್ಲಿ ಮೊದಲ ದಿನವೇ ಯಾವ ಹುಡುಗ ಎಂಥವನೆಂದು ಯಾವ ಮಾಸ್ತರನಿಗೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಒಣಕಡ್ಡಿಯಂತೆ ಬೋಳಾಗಿ ನಿಂತ ದೇವಕಣಗಿಲೆ ಸತ್ತಿರುವುದಿಲ್ಲ. ನಮ್ಮ ಭಾಗದ ಹೆಮ್ಮೆಯ ಆಪೂಸು ಮಾವು ಒಂದು ವರ್ಷ ತುಂಬಿ ಕಾಯ್ದರೆ ಮರುವರ್ಷ ಕೈಕೊಡುವುದು ಅದರ ಜಾತಿಗುಣ. ಆ ಖಾಲಿ ವರ್ಷದಲ್ಲಿ ಮನೆ ಕೊಂಡವನು 'ಬಂಜೆ ಗಿಡ' ಎಂದು ಕೊಡಲಿ ತರಿಸಿದರೆ ತಪ್ಪು ಮರದ್ದಲ್ಲ.

ಆ ವರ್ಷದಲ್ಲಿ ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ. ಮಾವಿನ ಕೊಂಬೆಗಳಲ್ಲಿ ಬಂದಳಿಕೆ ಹಬ್ಬಿದ್ದರೆ ಅದನ್ನು ಮಾತ್ರ ಕಿತ್ತರೆ ಸಾಲದು, ಮತ್ತೆ ಚಿಗುರುತ್ತದೆ. ಅದು ಬೇರೂರಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಸುಗ್ಗಿ ಮುಗಿದ ಮೇಲೆ ಒಣ ಕೊಂಬೆಗಳನ್ನು ತೆಗೆದು, ಕತ್ತರಿಸಿದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ತಾಮ್ರದ ಅಂಶವಿರುವುದರಿಂದ ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು. ಉದುರಿದ ಎಲೆಗೆ ಬೆಂಕಿ ಹಚ್ಚದೆ ಹಿತ್ತಲ ಮೂಲೆಯ ಗುಂಡಿಗೆ ಹಾಕಿದರೆ ಬರುವ ವರ್ಷದ ಗೊಬ್ಬರ ಸಿದ್ಧ. ಸಂದೇಹವಿದ್ದರೆ ಇದೇ ಊರಿನಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಬೇರೆ ಊರಿನವರಿಗಿಲ್ಲದ ಭಾಗ್ಯವದು.

ಇದಕ್ಕೆ ಎದುರಾಗಿ ಕೇಳಿಬರುವ ಮಾತುಗಳೂ ಪೊಳ್ಳಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪರದೇಶದಲ್ಲಿದ್ದಾನೆ. ಎಂಬತ್ತು ದಾಟಿದ ಅವನ ತಾಯಿ ಇಲ್ಲಿಯ ಕಲ್ಲುಮನೆಯಲ್ಲಿ ಒಬ್ಬರೇ ಇದ್ದಾರೆ. ಅವನು ಕಳೆದ ಶ್ರಾವಣದಲ್ಲಿ ಫೋನು ಮಾಡಿ, "ಅವ್ವಗ ಇನ್ನ ಅಂಗಳದ ಕಸಾ ಹೊಡಿಯೂದು ಆಗೂದಿಲ್ರಿ ಸರ. ಹಸಿ ಮಣ್ಣಾಗ ಜಾರಿ ಬಿದ್ರ ನಾ ಇಲ್ಲಿಂದ ಹೆಂಗ ಬರ್ಲಿ? ಎಲ್ಲಾ ಟೈಲ್ಸ್ ಹಾಕಿಸಿಬಿಡ್ತೀನಿ, ನೀವು ಸ್ವಲ್ಪ ಮುಂದ ನಿಂತು ನೋಡ್ರಿ" ಎಂದ. ಅವನ ಆತಂಕದಲ್ಲಿ ಸುಳ್ಳಿಲ್ಲ. ಸಾವಿರಾರು ಮೈಲಿ ದೂರದಲ್ಲಿರುವ ಮಗನಿಗೆ ಮಾವಿನ ಬೇರಿಗಿಂತ ತಾಯಿಯ ಕಾಲು ದೊಡ್ಡದು. ನಾನು ಹೋಗಿ ಆ ತಾಯಿಯನ್ನು ಕೇಳಿದೆ. ಅವರು ಪಾರಿಜಾತದ ಕೆಳಗೆ ಹೂ ಆರಿಸುತ್ತಿದ್ದರು. "ನಾ ಹೋದಮ್ಯಾಲ ಏನರ ಮಾಡ್ಕೊಳ್ಳಿ ಮಾಸ್ತರ. ನಾ ಇರೂತನಕ ಅಂಗಳಾ ಹಿಂಗ ಇರ್ಲಿ ಅಂತ ಹೇಳ್ರಿ ಅವಂಗ" ಎಂದರು.

ಇಬ್ಬರ ಮಾತಿಗೂ ಎಡೆ ಇದೆ ಎಂದೇ ನನ್ನ ನಂಬಿಕೆ. ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಬಾವಿಗೆ ಮೂರಡಿ ಅಗಲದ, ಜಾರದ ಒರಟು ಕಲ್ಲಿನ ದಾರಿಯೊಂದು ಸಾಕು. ಅದನ್ನೂ ಸಿಮೆಂಟಿನ ಮೇಲೆ ಕೂಡಿಸದೆ ಉಸುಕಿನ ಮೇಲೆ ಕೂಡಿಸಿದರೆ ಸಂದಿಯಲ್ಲಿ ನೀರಿಳಿಯುತ್ತದೆ. ಹಿಡಿದು ನಡೆಯಲು ಬದಿಗೊಂದು ಕಬ್ಬಿಣದ ಕಂಬಿ ಇದ್ದರೆ ಆಯಿತು. ಉಳಿದ ಮಣ್ಣು ತೆರೆದೇ ಇರಲಿ. ಹಾವಿನ ಭಯವಿದ್ದರೆ ಮನೆಯ ಸುತ್ತ ಹುಲ್ಲು ಬೆಳೆಯಗೊಡಬಾರದು, ಕಲ್ಲು-ಕಟ್ಟಿಗೆಯ ರಾಶಿ ಇಡಬಾರದು. ಸೊಳ್ಳೆಯ ಭಯವಿದ್ದರೆ ಕುಂಡದ ತಟ್ಟೆಯಲ್ಲಿ, ಒಡೆದ ಡಬ್ಬಿಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಮಾಲಿಯ ಸಂಬಳ ಒಂದು ಮನೆಗೆ ಭಾರವಾದರೆ ಮೂರು ಮನೆಯವರು ಕೂಡಿ ಕೊಡಬಹುದು. ಇಷ್ಟನ್ನೂ ಲೆಕ್ಕಸಮೇತ ಬರೆದು ಆ ಹುಡುಗನಿಗೆ ಕಳಿಸಿದ್ದೇನೆ. ದಾರಿಯ ಮಟ್ಟಿಗೆ ಒಪ್ಪಿದ್ದಾನೆ. ಉಳಿದದ್ದನ್ನು ಬರುವ ಬೇಸಿಗೆಯಲ್ಲಿ ತಾನೇ ಬಂದು ನೋಡಿ ತೀರ್ಮಾನಿಸುತ್ತಾನಂತೆ. ನೋಡೋಣ.

ಕಾನೂನಿನ ಮಾತೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನುಳಿದು, ಸ್ವಂತ ಅಂಗಳದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆದರೆ ಕೊಡಲಿಗೆ ಅನುಮತಿ ಕೇಳುವ ನಾವು ಸಿಮೆಂಟಿಗೆ ಕೇಳುವುದಿಲ್ಲ, ಎರಡರ ಫಲವೂ ಒಂದೇ ಆಗಿದ್ದರೂ. ಇಂಗ್ಲೆಂಡಿನಲ್ಲಿ 2008ರ ಅಕ್ಟೋಬರಿನಿಂದ, ಮನೆಯ ಮುಂದಿನ ತೋಟದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರಿಳಿಯದ ಹಾಸು ಹಾಕಿ ಮಳೆನೀರನ್ನು ಬೀದಿಗೆ ಬಿಡುವುದಾದರೆ ಅನುಮತಿ ಪಡೆಯಬೇಕು. ಜರ್ಮನಿಯ ಹಲವು ನಗರಗಳಲ್ಲಿ ಮುಚ್ಚಿದ ನೆಲದ ಅಳತೆಗೆ ತಕ್ಕಂತೆ ಮಳೆನೀರಿನ ಶುಲ್ಕವನ್ನೇ ವಸೂಲು ಮಾಡುತ್ತಾರೆ. ನಮ್ಮಲ್ಲಿ ದಂಡ ಬೇಡ, ಪ್ರೋತ್ಸಾಹವಿರಲಿ: ನಿವೇಶನದಲ್ಲಿ ಇಷ್ಟು ಪಾಲು ಮಣ್ಣನ್ನು ತೆರೆದಿಟ್ಟವರಿಗೆ ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಕೊಡಲಿ. ತೋಟಗಾರಿಕೆ ಇಲಾಖೆಯವರು ಫಲಪುಷ್ಪ ಪ್ರದರ್ಶನದ ಜೊತೆಗೆ, ಹಳೆಯ ಮರಗಳ ಆರೈಕೆ ಬಲ್ಲ ಹತ್ತಿಪ್ಪತ್ತು ಮಾಲಿಗಳನ್ನು ತಯಾರು ಮಾಡಲಿ. ಈಗಿರುವ ಮಾಲಿಗಳ ಮಕ್ಕಳು ಆಟೋ ಓಡಿಸುತ್ತಿದ್ದಾರೆ. ಅಪ್ಪನ ಕೈಯ ವಿದ್ಯೆ ಅಪ್ಪನ ಜೊತೆಗೇ ಹೋಗುತ್ತಿದೆ.

ಬಿ.ಆರ್.ಟಿ.ಎಸ್. ಯೋಜನೆಗಾಗಿ ಹುಬ್ಬಳ್ಳಿ-ಧಾರವಾಡ ರಸ್ತೆ ಅಗಲವಾದಾಗ ದಾರಿಬದಿಯ ಮರಗಳು ಹೋದವೆಂದು ನಾವೆಲ್ಲ ಮರುಗಿದೆವು. ಆ ಮರುಕ ನಿಜವಾದದ್ದೇ. ಆದರೆ ಸರಕಾರ ಕಡಿದ ಮರಕ್ಕೆ ಸಾಕ್ಷಿಗಳಿರುತ್ತಾರೆ, ಸುದ್ದಿಯಾಗುತ್ತದೆ. ಕಂಪೌಂಡಿನೊಳಗೆ ಉಸಿರುಗಟ್ಟಿ ಒಣಗುವ ಮರಕ್ಕೆ ಮನೆಯವನೊಬ್ಬನೇ ಸಾಕ್ಷಿ. ಆದ್ದರಿಂದ ಈ ಬರಹವನ್ನು ಓದುತ್ತಿರುವ, ಧಾರವಾಡದಲ್ಲೊಂದು ಹಳೆಯ ಮನೆಯುಳ್ಳ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಮನೆಯನ್ನು ನವೀಕರಿಸಿ, ಅಡುಗೆಮನೆ ಬದಲಿಸಿ, ಹೆಂಚು ಹೊಸದು ಹೊದಿಸಿ, ಯಾರೂ ಬೇಡವೆನ್ನುವುದಿಲ್ಲ. ಗುತ್ತಿಗೆದಾರ ಅಂಗಳವನ್ನು ಅಳೆಯಲು ಟೇಪು ಬಿಚ್ಚಿದಾಗ ಮಾತ್ರ, ನಡೆಯುವಷ್ಟು ದಾರಿಯನ್ನು ತೋರಿಸಿ, ಉಳಿದದ್ದನ್ನು ಅಳೆಯುವುದು ಬೇಡವೆಂದು ಹೇಳಿ.