ತೋಟದಲ್ಲಿ ವಾಕಿಟಾಕಿಯ ಪರೀಕ್ಷೆ

ಕಳೆದ ಆಷಾಢದಲ್ಲಿ ನಮ್ಮ ತೀರ್ಥರೂಪರು ಅಡಕೆಯ ತೋಟದ ಬಸಿಗಾಲುವೆಯಲ್ಲಿ ಜಾರಿಬಿದ್ದು, ಕಾಲು ಉಳುಕಿ, ಎರಡು ಗಂಟೆಯ ಕಾಲ ಮಳೆಯಲ್ಲಿಯೇ ಕುಳಿತಿದ್ದರು. ಜೇಬಿನಲ್ಲಿ ಮೊಬೈಲು ಇದ್ದಿತು. ಆದರೆ ಸಾಗರದ ಕಡೆಯ ನಮ್ಮ ಆ ಕಣಿವೆಯಲ್ಲಿ ಅದಕ್ಕೆ ಸಿಗ್ನಲ್ ದೊರೆಯದು. ಊಟದ ಹೊತ್ತು ಮೀರಿದ ಮೇಲೆಯೇ ಮನೆಯವರಿಗೆ ಸಂಶಯ ಹುಟ್ಟಿತು. ಇದೇ ಕಾರಣದಿಂದ ಒಂದು ಜೊತೆ ವಾಕಿಟಾಕಿಗಳನ್ನು ತರಿಸಿ, ಮಾಘಮಾಸದಲ್ಲಿ ಎರಡು ದಿನ ಪರೀಕ್ಷಿಸಿದೆವು. ವಾಚಕರಲ್ಲಿ ತೋಟಗದ್ದೆಗಳುಳ್ಳವರೂ ಮಕ್ಕಳೊಡನೆ ಬೆಟ್ಟ ಹತ್ತುವವರೂ ಬಹುಮಂದಿ ಇರುವುದರಿಂದ ಆ ವೃತ್ತಾಂತವನ್ನು ಇಲ್ಲಿ ಅರಿಕೆಮಾಡುತ್ತೇನೆ.

ಪೆಟ್ಟಿಗೆಯ ಮೇಲೆ 10 ಕಿಲೋಮೀಟರ್ ಎಂದು ಅಚ್ಚಾಗಿದ್ದಿತು. ಸುಳ್ಳೆಂದು ಹೇಳಲಾರೆ, ನಮ್ಮ ನೆಲವನ್ನು ನೋಡಿ ಆಡಿದ ಮಾತಂತೂ ಅಲ್ಲ. ಮೊದಲನೆಯ ದಿನ ಸೋದರಳಿಯನು ಮನೆಯ ಹಿಂದಣ ಗುಡ್ಡದ ನೆತ್ತಿಯಲ್ಲಿ ನಿಂತನು. ನಾನು ಬಯಲಿನ ರಸ್ತೆಯಲ್ಲಿ ನಡೆಯುತ್ತ ಹೋದೆನು. 3 ಕಿಲೋಮೀಟರ್ ದೂರದ ಬಸ್ಸಿನ ಕಟ್ಟೆಯಲ್ಲಿಯೂ ಅವನ ಮಾತು ಪಕ್ಕದಲ್ಲಿ ನಿಂತು ಆಡಿದಂತೆ ಕೇಳಿಸಿತು. ನಮ್ಮ ಸಂತೋಷಕ್ಕೆ ಪಾರವಿಲ್ಲ. ಮರುದಿನ ಅವನು ಮನೆಯ ಜಗುಲಿಯಲ್ಲಿ, ನಾನು ಗುಡ್ಡದಾಚೆಯ ತೋಟದಲ್ಲಿ, ತೀರ್ಥರೂಪರು ಬಿದ್ದ ಜಾಗದಲ್ಲಿಯೇ. ನಡುವೆ ಅರ್ಧ ಕಿಲೋಮೀಟರೂ ಇಲ್ಲ. ಯಂತ್ರವು ಗುರ್ ಎನ್ನಲೂ ಇಲ್ಲ!

ಇದರ ಕಾರಣವು ಗಹನವಾದುದಲ್ಲ. ಈ ಯಂತ್ರಗಳು 446 ಮೆಗಾಹರ್ಟ್ಸ್ ಸುಮಾರಿನ ಅಲೆಗಳ ಮೂಲಕ ಮಾತನಾಡುವುವು; ಒಂದು ಅಲೆಯ ಉದ್ದ ಹೆಚ್ಚುಕಡಿಮೆ ಒಂದೂವರೆ ಮೊಳ. ಇಂತಹ ಅಲೆಗಳು ಬಹುಮಟ್ಟಿಗೆ ಕಣ್ಣಿನ ನೋಟದಂತೆ ನೇರವಾಗಿ ಸಾಗುವುವು. ಗುಡ್ಡದ ಮಣ್ಣನ್ನು ತೂರಲಾರವು. ಒದ್ದೆಯಾದ ಎಲೆಗಳೂ ಅವನ್ನು ಹೀರಿಕೊಳ್ಳುವುವು. ಆದಕಾರಣ ದೂರವೆಷ್ಟೆಂಬುದಕ್ಕಿಂತ ನಡುವೆ ಏನಿದೆಯೆಂಬುದನ್ನು ನೋಡಬೇಕು. ಹತ್ತು ಹೆಜ್ಜೆಗೊಮ್ಮೆ ನಿಂತು ಕರೆಯುತ್ತ ನಾನು ತೋಟದಿಂದ ಮೇಲೇರಿದೆನು. ದಿಬ್ಬದ ಹೆಗಲಿನಲ್ಲಿ ಒಂದು ಹಲಸಿನ ಮರವಿದೆ. ಅದರ ಬುಡಕ್ಕೆ ಬಂದಾಗ ಜಗುಲಿಯ ಧ್ವನಿ ಸ್ಪಷ್ಟವಾಯಿತು.

ಆದ್ದರಿಂದ ಹೀಗೊಂದು ಏರ್ಪಾಡು ಮಾಡಿಕೊಂಡೆವು. ತೀರ್ಥರೂಪರು 11 ಗಂಟೆಗೆ ಹಲಸಿನ ಬುಡಕ್ಕೆ ಬಂದು ಮನೆಯನ್ನು ಕರೆಯತಕ್ಕದ್ದು. ಕಾಲುಗಂಟೆ ಕಳೆದರೂ ಕರೆ ಬಾರದಿದ್ದಲ್ಲಿ ಯಾರಾದರೊಬ್ಬರು ಹೊರಡತಕ್ಕದ್ದು. ಅವರು ಬಿದ್ದಲ್ಲಿಂದ ಕೂಗು ಮುಟ್ಟದಿದ್ದರೂ, ಮುಟ್ಟದಿರುವುದೇ ನಮಗೆ ಸೂಚನೆಯಾಗುವುದಷ್ಟೆ.

ಅವರಿಗೆ ಯಂತ್ರವನ್ನು ಕಲಿಸುವುದು ಗುಡ್ಡ ಹತ್ತಿದುದಕ್ಕಿಂತ ಕಷ್ಟವಾಯಿತು. ಗುಂಡಿಯನ್ನು ಒತ್ತಿದಾಗ ಮಾತು ಹೊರಡುವುದು, ಬಿಟ್ಟಾಗಲೇ ಕೇಳಿಸುವುದು. ಅವರು ಒತ್ತಿದ ಬೆರಳನ್ನು ತೆಗೆಯದೆ, "ಯಾಕೋ, ಬಾಯಿ ಬಿಡೋದಿಲ್ಲ?" ಎಂದು ಅಳಿಯನನ್ನು ಗದರಿಸುತ್ತಲೇ ಇದ್ದರು! ಒತ್ತಿದೊಡನೆ ಆರಂಭಿಸಿದರೆ ಮೊದಲ ಅಕ್ಷರಗಳು ನುಂಗಿಹೋಗುವುವು. ಒಂದು ಕ್ಷಣ ತಡೆದು ಮಾತನಾಡಬೇಕು. ಗುಟ್ಟನ್ನಂತೂ ಆಡಲೇಬಾರದು. ಅದೇ ಚಾನೆಲಿನಲ್ಲಿರುವ ಯಾರಾದರೂ ಕೇಳಬಹುದು.

ನಮ್ಮ ಯಂತ್ರದ ಮೇಲೆ ಐಪಿ 67 ಎಂದು ಬರೆದಿದ್ದಿತು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡಬಾರದೆಂದು ಅದರ ಅರ್ಥ. ಬಕೀಟಿನಲ್ಲಿ ಮುಳುಗಿಸಿ ನೋಡಿದೆವು, ಬದುಕಿತು. ಐಪಿ 54 ಎಂದಿರುವುದನ್ನು ಹೀಗೆ ಮಾಡಬಾರದು. ಅದು ಎರಚಲನ್ನು ಮಾತ್ರ ತಡೆಯುವುದು.

ಕೊಳ್ಳುವವರು ತರಂಗದ ಅಂಕಿಯನ್ನು ಮೊದಲು ನೋಡಬೇಕು. 2018ರ ನಿಯಮಗಳಂತೆ ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲ್ಪಶಕ್ತಿಯ ಯಂತ್ರಗಳಿಗೆ ಪರವಾನಗಿ ಬೇಡ. ಅಗ್ಗವಾಗಿ ದೊರೆಯುವ ಹಲವು ತರಂಗಗಳ ಯಂತ್ರಗಳಿಗೆ ಅದು ಬೇಕು. ಮಾರುವವರು ಇದನ್ನು ಮರೆಮಾಚುತ್ತಿದ್ದುದರಿಂದಲೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಂತರ್ಜಾಲದ ಮಾರಾಟಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿತು.

ನಮ್ಮ ಪರೀಕ್ಷೆಯು ನಡೆದುದು ಒಣಗಾಲದಲ್ಲಿ. ಮಳೆ ಹಿಡಿದು ಮರಗಿಡಗಳೆಲ್ಲ ತೊಯ್ದಾಗ ಹಲಸಿನ ಬುಡದಿಂದ ಮಾತು ಮುಟ್ಟುವುದೋ ಇಲ್ಲವೋ, ಇನ್ನೂ ಸ್ವಲ್ಪ ಮೇಲೇರಬೇಕಾಗುವುದೋ, ಆಷಾಢದಲ್ಲಿ ಕೊಡೆ ಹಿಡಿದು ಮತ್ತೊಮ್ಮೆ ನೋಡಬೇಕಾಗಿದೆ. ಅಲ್ಲಿಯವರೆಗೆ ಸೋದರಳಿಯನು ದಿನವೂ 11 ಗಂಟೆಗೆ ಜಗುಲಿಯಲ್ಲಿ ಕಾದು ಕುಳಿತಿರುವನು.